ದ್ವೀಪಕಮಾನಿನ ಲಾವಾ ಎಲ್ಲಿಂದ ಬಂತು? ಐಸೋಟೋಪ್ ಹಿಡಿದು ಮೂಲ ಹುಡುಕುವ ಬಗೆ

ಮರಿಯಾನಾ, ಟೋಂಗಾ, ಲೆಸ್ಸರ್ ಆಂಟಿಲಿಸ್, ದಕ್ಷಿಣ ಸ್ಯಾಂಡ್‌ವಿಚ್. ಭೂಪಟದಲ್ಲಿ ಬಾಗಿ ನಿಂತಿರುವ ಈ ಜ್ವಾಲಾಮುಖಿ ದ್ವೀಪಮಾಲೆಗಳೆಲ್ಲ ಹುಟ್ಟಿದ್ದು ಒಂದೇ ಕಾರಣಕ್ಕೆ: ಸಾಗರದ ಫಲಕವೊಂದು ಕಂದಕದ ಬಳಿ ಬಾಗಿ ಇನ್ನೊಂದು ಫಲಕದ ಕೆಳಗೆ ನುಸುಳುತ್ತಿದೆ. ಆದರೆ ಅಲ್ಲಿ ಉಕ್ಕಿದ ಲಾವಾದ ಒಂದು ತುಂಡನ್ನು ಕೈಗೆತ್ತಿಕೊಂಡು ‘ಇದರಲ್ಲಿ ಯಾವುದರ ಪಾಲು ಎಷ್ಟು’ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಮೂಲಗಳು ಮುಖ್ಯವಾಗಿ ನಾಲ್ಕು. ಎರಡು ಫಲಕಗಳ ನಡುವೆ ಬೆಣೆಯಾಕಾರದಲ್ಲಿ ಸಿಕ್ಕಿಕೊಂಡಿರುವ ಮ್ಯಾಂಟಲ್ (ತೊಗಟೆಯ ಕೆಳಗಿನ ಶಿಲಾಪದರ) ಮೊದಲನೆಯದು. ನುಸುಳುವ ಫಲಕದ ಬಸಾಲ್ಟ್ ತೊಗಟೆ ಎರಡನೆಯದು. ಇದು ಕೋಟ್ಯಂತರ ವರ್ಷ ಕಡಲನೀರು ಕುಡಿದು ಮಾರ್ಪಟ್ಟಿರುತ್ತದೆ. ಅದರ ಬೆನ್ನ ಮೇಲೆ ಕೂತ ಕಡಲತಳದ ಗಸಿ ಮೂರನೆಯದು. ಶಿಲಾಪಾಕ ಮೇಲೇರುವಾಗ ದಾಟಿಬರುವ ಮೇಲ್ಫಲಕದ ತೊಗಟೆ ನಾಲ್ಕನೆಯದು.

ಧಾತುಗಳ ಪ್ರಮಾಣ ಮಾತ್ರ ಅಳೆದರೆ ಈ ನಾಲ್ಕನ್ನು ಬಿಡಿಸುವುದು ಕಷ್ಟ. ಎಷ್ಟು ಭಾಗ ಕರಗಿತು, ಯಾವ ಹರಳು ಮೊದಲು ಕೂತಿತು ಎಂಬುದರ ಮೇಲೆ ಪ್ರಮಾಣಗಳು ಏರಿಳಿಯುತ್ತವೆ. ಸ್ಟ್ರಾನ್ಷಿಯಂ, ನಿಯೋಡಿಮಿಯಂ, ಹ್ಯಾಫ್ನಿಯಂ, ಸೀಸದಂಥ ಭಾರ ಧಾತುಗಳ ಐಸೋಟೋಪ್ (ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣು) ಅನುಪಾತ ಹಾಗಲ್ಲ. ಸ್ಟ್ರಾನ್ಷಿಯಂ-87 ಮತ್ತು 86ರ ರಾಸಾಯನಿಕ ನಡವಳಿಕೆ ಒಂದೇ ಆದ್ದರಿಂದ ಕರಗುವಾಗಲೂ ಹರಳಾಗುವಾಗಲೂ ಎರಡೂ ಜೊತೆಯಾಗಿಯೇ ಸಾಗುತ್ತವೆ. ಅನುಪಾತ ಬದಲಾಗಲು ದಾರಿ ಎರಡೇ: ಕಾಲ ಅಥವಾ ಬೆರಕೆ. ಎಳೆಯ ಲಾವಾದಲ್ಲಿ ಕಾಲದ ಪಾತ್ರವಿಲ್ಲ. ಹಾಗಾಗಿ ಕಾಣುವ ವ್ಯತ್ಯಾಸವೆಲ್ಲ ಬೆರಕೆಯದು ಅಥವಾ ಮೂಲದಲ್ಲೇ ಇದ್ದದ್ದು. ಈ ಬರಹ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮತ್ತು ಹೊಸದಾಗಿ ಈ ಕೆಲಸಕ್ಕೆ ಇಳಿದವರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಹಂತಗಳ ಅನುಕ್ರಮವನ್ನು ದಯವಿಟ್ಟು ಕೆಡಿಸಬೇಡಿ. ಈ ಕ್ಷೇತ್ರದಲ್ಲಿ ನಾನು ಕಾಣುವ ಹೆಚ್ಚಿನ ಗೊಂದಲ ಹುಟ್ಟುವುದು ಮೊದಲ ಜರಡಿ ಹಿಡಿಯದೆ ಕೊನೆಯ ಪ್ರಶ್ನೆಗೆ ಕೈಹಾಕುವುದರಿಂದ.

ಹಂತ 1: ಯಾವ ಐಸೋಟೋಪ್‌ಗೆ ಯಾವ ಪ್ರಶ್ನೆ

ಮಾದರಿ ಸಂಗ್ರಹಕ್ಕೂ ಮುಂಚೆ ಕಾಗದದ ಮೇಲೆ ಪ್ರಶ್ನೆ ಬರೆದುಕೊಳ್ಳಿ. ರುಬಿಡಿಯಂ-87 ಕೊಳೆತು ಸ್ಟ್ರಾನ್ಷಿಯಂ-87 ಆಗುತ್ತದೆ. ಅರ್ಧಾಯು ಸುಮಾರು 4,960 ಕೋಟಿ ವರ್ಷ. ಖಂಡಗಳ ತೊಗಟೆಯಲ್ಲಿ ರುಬಿಡಿಯಂ ಹೆಚ್ಚು, ಆದ್ದರಿಂದ ಹಳೆಯ ಖಂಡದ ವಸ್ತುವಿನಲ್ಲಿ 87/86 ಅನುಪಾತ ಎತ್ತರ. ಇಂದಿನ ಕಡಲನೀರಿನದು 0.7092, ಸಾಗರಮಧ್ಯ ಏಣುಗಳ ಬಸಾಲ್ಟಿನದು 0.7025ರಿಂದ 0.7030ರ ಆಸುಪಾಸು. ಸಮೇರಿಯಂ-147 ಕೊಳೆತು ನಿಯೋಡಿಮಿಯಂ-143 ಆಗುವುದು ಇನ್ನೂ ನಿಧಾನ. ಅದರ ಅರ್ಧಾಯು 10,600 ಕೋಟಿ ವರ್ಷ. ಇಲ್ಲಿ ದಿಕ್ಕು ತಿರುಗುಮುರುಗು: ಖಂಡದ ವಸ್ತುವಿನಲ್ಲಿ 143/144 ಕಡಿಮೆ, ಸೊರಗಿದ (ಹಿಂದೆಯೇ ಭಾಗಶಃ ಕರಗಿ ಕೆಲವು ಧಾತು ಕಳೆದುಕೊಂಡ) ಮ್ಯಾಂಟಲ್‌ನಲ್ಲಿ ಹೆಚ್ಚು.

ಈ ಎರಡಕ್ಕೂ ಇರುವ ಒಂದು ಸ್ವಭಾವಭೇದವೇ ನಮ್ಮ ಮುಖ್ಯ ಆಯುಧ. ಸ್ಟ್ರಾನ್ಷಿಯಂ ಬಿಸಿನೀರಿನ ಜೊತೆ ಸಲೀಸಾಗಿ ಹೊರಡುತ್ತದೆ, ನಿಯೋಡಿಮಿಯಂ ಅಷ್ಟಾಗಿ ಹೊರಡುವುದಿಲ್ಲ, ಹ್ಯಾಫ್ನಿಯಂ ಇನ್ನೂ ಕಡಿಮೆ. ಸೀಸ ನೀರಿನ ಜೊತೆಗೂ ಹೋಗುತ್ತದೆ, ಗಸಿಯ ಜೊತೆಗೂ ಬರುತ್ತದೆ. ಬೆರಿಲಿಯಂ-10 ಎಳೆಯ ಗಸಿಗೆ ಮಾತ್ರ ಸಾಕ್ಷಿ. ಬೋರಾನ್ ನೀರಿಗೆ, ಆಕ್ಸಿಜನ್ ಮೇಲಿನ ತೊಗಟೆಗೆ, ಯುರೇನಿಯಂ ಸರಣಿ (ಯುರೇನಿಯಂ ಕೊಳೆತು ಸಾಲಾಗಿ ಹುಟ್ಟುವ ಧಾತುಗಳು) ಕಾಲಕ್ಕೆ. ಒಂದೇ ಐಸೋಟೋಪ್ ಅಳೆದು ಇಡೀ ಕಥೆ ಹೇಳಹೊರಟ ಪ್ರಬಂಧವನ್ನು ನಾನು ಎಚ್ಚರಿಕೆಯಿಂದಲೇ ಓದುತ್ತೇನೆ.

ಹಂತ 2: ಕಲ್ಲು ಆರಿಸುವುದು

ಬಿಸಿಲು ಮಳೆಗೆ ಸಿಕ್ಕು ಕಂದಿದ ಕಲ್ಲು ಬೇಡ. ಗುಳ್ಳೆಗಳ ಒಳಗೆ ಬಿಳಿಯ ಅಥವಾ ಹಸಿರು ಖನಿಜ ತುಂಬಿದ್ದರೆ, ಆಲಿವಿನ್ ಹರಳಿನ ಅಂಚು ಕೆಂಪಾಗಿದ್ದರೆ ಅದನ್ನು ಬಿಟ್ಟು ಮುಂದೆ ನಡೆಯಿರಿ. ತೆಳುಛೇದವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಕಾಯಿಸಿದಾಗ ತೂಕ ಶೇ. 2ಕ್ಕಿಂತ ಹೆಚ್ಚು ಇಳಿದರೆ ಅನುಮಾನಿಸಿ. ಸಮುದ್ರದಡಿಯಿಂದ ಬಾಚಿ ತಂದ ಕಲ್ಲಾದರೆ ಗಾಜಿನಂಥ ಹೊರಪದರವನ್ನೇ ಆರಿಸಿ.

ಮೆಗ್ನೀಸಿಯಂ ಹೆಚ್ಚಿರುವ ಬಸಾಲ್ಟಿಗೆ ಮೊದಲ ಆದ್ಯತೆ, ಏಕೆಂದರೆ ಅದು ತೊಗಟೆಯಲ್ಲಿ ಕಡಿಮೆ ಹೊತ್ತು ನಿಂತು ಬಂದಿರುವ ಸಾಧ್ಯತೆ ಹೆಚ್ಚು. ಹಾಗೆಂದು ಬಸಾಲ್ಟಿಗಿಂತ ಸಿಲಿಕಾ ಹೆಚ್ಚಿರುವ ಆಂಡಸೈಟ್ ಮತ್ತು ಡೇಸೈಟನ್ನು ಬಿಟ್ಟುಬಿಡಬೇಡಿ. ಒಂದೇ ಜ್ವಾಲಾಮುಖಿಯ ಬಸಾಲ್ಟಿನಿಂದ ಡೇಸೈಟ್‌ವರೆಗಿನ ಸರಣಿ ಕೈಯಲ್ಲಿಲ್ಲದಿದ್ದರೆ ಐದನೇ ಹಂತದಲ್ಲಿ ಕೈ ಕಟ್ಟಿದಂತಾಗುತ್ತದೆ. ಕಮಾನಿನ ಉದ್ದಕ್ಕೂ ಮಾದರಿ ಬೇಕು, ಕಂದಕದ ಕಡೆಯಿಂದ ಹಿಂಬದಿಗೂ ಬೇಕು. ಬೆರಿಲಿಯಂ-10 ಅಥವಾ ಯುರೇನಿಯಂ ಸರಣಿ ಅಳೆಯುವ ಯೋಚನೆ ಇದ್ದರೆ ಸ್ಫೋಟದ ವರ್ಷ ದಾಖಲಾಗಿರುವ ಲಾವಾವೇ ಆಗಬೇಕು. ಮಳೆನೀರು ಬೆರಿಲಿಯಂ-10 ಅನ್ನು ಹೊತ್ತು ತಂದು ಕಲ್ಲಿನ ಬಿರುಕಿಗೆ ಸೇರಿಸುತ್ತದೆ. ಹಳೆಯ ಲಾವಾದಲ್ಲಿ ಕಂಡದ್ದು ಆಳದ್ದೋ ಆಕಾಶದ್ದೋ ಹೇಳಲಾಗದು.

ಹಂತ 3: ಪುಡಿ, ತೊಳೆತ, ಕರಗಿಸುವುದು

ಗರಗಸ ತಾಗಿದ ಮುಖವನ್ನೂ ಸುತ್ತಿಗೆಯ ಗುರುತನ್ನೂ ಉಜ್ಜಿ ತೆಗೆಯಿರಿ. ಮಾರ್ಕರ್ ಪೆನ್ನಿನ ಗೆರೆ, ಬಣ್ಣದ ಚುಕ್ಕೆ ಉಳಿದಿದ್ದರೆ ಸೀಸದ ಅಳತೆ ಅಲ್ಲಿಗೆ ಮುಗಿಯಿತು. ಪುಡಿ ಮಾಡಲು ಅಗೇಟ್ ಪಾತ್ರೆ ಬಳಸಿ. ಟಂಗ್‌ಸ್ಟನ್ ಕಾರ್ಬೈಡ್ ವೇಗವಾಗಿ ಅರೆಯುತ್ತದೆ ನಿಜ, ಆದರೆ ಟಂಗ್‌ಸ್ಟನ್, ಕೋಬಾಲ್ಟ್, ಟ್ಯಾಂಟಲಂ ಮಾದರಿಗೆ ಸೇರಿಕೊಳ್ಳುತ್ತವೆ. ನಯೋಬಿಯಂ ಮತ್ತು ಟ್ಯಾಂಟಲಂ ಕೊರತೆಯೇ ದ್ವೀಪಕಮಾನಿನ ಲಾವಾದ ಗುರುತಾಗಿರುವಾಗ ಅದು ಸಣ್ಣ ತಪ್ಪಲ್ಲ. ಸೀಸಕ್ಕಂತೂ ಪುಡಿಗಿಂತ ಒಂದೆರಡು ಮಿಲಿಮೀಟರ್ ಗಾತ್ರದ ಚೂರುಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಆರಿಸುವುದು ಮೇಲು.

ನಂತರ ತೊಳೆತ. ಬಿಸಿಯಾದ 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಚೂರುಗಳನ್ನು ನೆನೆಸಿ, ಶುದ್ಧ ನೀರಿನಲ್ಲಿ ಜಾಲಾಡಿದರೆ ಕಡಲನೀರು ಬಿಟ್ಟುಹೋದ ಸ್ಟ್ರಾನ್ಷಿಯಂ ಮತ್ತು ಸೀಸದ ಬಹುಪಾಲು ಹೋಗುತ್ತದೆ. ತೊಳೆದ ಚೂರಿನಲ್ಲಿ ಐಸೋಟೋಪ್ ಅನುಪಾತ, ತೊಳೆಯದ ಪುಡಿಯಲ್ಲಿ ಧಾತುಗಳ ಪ್ರಮಾಣ: ಈ ಎರಡನ್ನು ಅದಲುಬದಲು ಮಾಡಬೇಡಿ. ಆಮ್ಲ ಕೆಲವು ಖನಿಜವನ್ನೇ ಕರಗಿಸುವುದರಿಂದ ತೊಳೆದ ಮಾದರಿಯ ಪ್ರಮಾಣಗಳಿಗೆ ಅರ್ಥವಿಲ್ಲ. ಒಂದೇ ಕಲ್ಲನ್ನು ತೊಳೆದೂ ತೊಳೆಯದೆಯೂ ಅಳೆದು ವ್ಯತ್ಯಾಸ ನೋಡಿ. ಅದು ದೊಡ್ಡದಾಗಿ ಬಂದರೆ ಆ ಕಲ್ಲಿನ ಬಗ್ಗೆ ನಿಮಗೆ ಉಪಯುಕ್ತ ಮಾಹಿತಿ ಸಿಕ್ಕಿತು.

ಕರಗಿಸಲು ಟೆಫ್ಲಾನ್ ಬೀಕರಿನಲ್ಲಿ ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದೊಳಗಿಳಿದು ಮೂಳೆಗೂ ರಕ್ತದ ಕ್ಯಾಲ್ಸಿಯಂಗೂ ಕುತ್ತು ತರುತ್ತದೆ. ನೋವು ತಡವಾಗಿ ಕಾಣಿಸಿಕೊಳ್ಳಬಹುದು. ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಕೈಗೆಟಕುವಲ್ಲಿ ಇರಲೇಬೇಕು, ಒಬ್ಬರೇ ಇದ್ದಾಗ ಈ ಕೆಲಸ ಕೂಡದು. ಕರಗಿದ ಮೇಲೆ ತಳದಲ್ಲಿ ಬಿಳಿಯ ಫ್ಲೋರೈಡ್ ಉಳಿದರೆ ನೈಟ್ರಿಕ್ ಆಮ್ಲ ಹಾಕಿ ಮತ್ತೆ ಮತ್ತೆ ಆವಿಯಾಗಿಸಿ. ದ್ರಾವಣ ತಿಳಿಯಾಗದೆ ಮುಂದಿನ ಹಂತಕ್ಕೆ ಹೋಗಬೇಡಿ.

ಆಮೇಲೆ ರೆಸಿನ್ ತುಂಬಿದ ಕೊಳವೆಗಳಲ್ಲಿ ಧಾತುಗಳನ್ನು ಬೇರ್ಪಡಿಸಬೇಕು. ಉಪಕರಣ ತೂಕ ನೋಡಿ ಎಣಿಸುತ್ತದೆ, ಹೆಸರು ನೋಡಿ ಅಲ್ಲ. ರುಬಿಡಿಯಂ-87 ಉಳಿದರೆ ಅದೂ ಸ್ಟ್ರಾನ್ಷಿಯಂ-87ರ ಲೆಕ್ಕಕ್ಕೆ ಸೇರುತ್ತದೆ. ಸಮೇರಿಯಂ-144 ನಿಯೋಡಿಮಿಯಂ-144ರ ಮೇಲೆ, ಪಾದರಸ-204 ಸೀಸ-204ರ ಮೇಲೆ ಬಂದು ಕೂರುತ್ತವೆ. ಪ್ರತಿ ತಂಡದ ಜೊತೆಗೂ ಕಲ್ಲು ಹಾಕದ ಒಂದು ಖಾಲಿ ಬೀಕರನ್ನು ಇದೇ ಹಾದಿಯಲ್ಲಿ ಕಳುಹಿಸಿ. 100 ಮಿಲಿಗ್ರಾಂ ಕಲ್ಲಿನಲ್ಲಿ 2 ಪಿಪಿಎಂ (ಹತ್ತು ಲಕ್ಷಕ್ಕೆ ಎರಡು ಪಾಲು) ಸೀಸ ಇದ್ದರೆ ಒಟ್ಟು 200 ನ್ಯಾನೋಗ್ರಾಂ ಆಯಿತು. ಖಾಲಿ ಬೀಕರಿನಲ್ಲಿ 100 ಪಿಕೋಗ್ರಾಂ ಸಿಕ್ಕರೆ ಅದು ಶೇ. 0.05, ಚಿಂತೆಯಿಲ್ಲ. ಟೋಂಗಾದಂಥ ಸೊರಗಿದ ಕಮಾನಿನ ಕಲ್ಲಿನಲ್ಲಿ ಸೀಸವೇ ಕಡಿಮೆ ಇರುವಾಗ ಅದೇ 100 ಪಿಕೋಗ್ರಾಂ ಹೆಚ್ಚು ತೂಗುತ್ತದೆ.

ಅಳತೆಗೆ ಉಷ್ಣ ಅಯಾನೀಕರಣದ ಮಾಸ್ ಸ್ಪೆಕ್ಟ್ರೋಮೀಟರ್ ಆಗಲಿ, ಹಲವು ಸಂಗ್ರಾಹಕಗಳುಳ್ಳ ಪ್ಲಾಸ್ಮಾ ಮಾಸ್ ಸ್ಪೆಕ್ಟ್ರೋಮೀಟರ್ ಆಗಲಿ, ಎರಡೂ ಸರಿ. ಉಪಕರಣದೊಳಗೆ ಹಗುರ ಐಸೋಟೋಪ್ ಮತ್ತು ಭಾರ ಐಸೋಟೋಪ್ ನಡುವೆ ಆಗುವ ಭೇದವನ್ನು ಸ್ಟ್ರಾನ್ಷಿಯಂಗೆ 86/88 = 0.1194, ನಿಯೋಡಿಮಿಯಂಗೆ 146/144 = 0.7219 ಎಂಬ ಸ್ಥಿರ ಅನುಪಾತ ಹಿಡಿದು ಸರಿಪಡಿಸುತ್ತಾರೆ. ಸೀಸಕ್ಕೆ ಇಂಥ ಸ್ಥಿರ ಜೋಡಿ ಇಲ್ಲ. ನಾಲ್ಕರಲ್ಲಿ ಮೂರು ಐಸೋಟೋಪ್ ಕೊಳೆತದಿಂದ ಹುಟ್ಟಿ ಬದಲಾಗುವಂಥವು. ಆದ್ದರಿಂದ ಥ್ಯಾಲಿಯಂ ಬೆರೆಸಿಯೋ ಡಬಲ್ ಸ್ಪೈಕ್ (ಪ್ರಮಾಣ ಗೊತ್ತಿರುವ ಎರಡು ಐಸೋಟೋಪ್ ಬೆರೆಸುವ) ವಿಧಾನದಿಂದಲೋ ಅಳೆಯಬೇಕು. ಎನ್‌ಬಿಎಸ್ 987 ಸ್ಟ್ರಾನ್ಷಿಯಂ ಮಾನಕ 0.71025ರ ಬಳಿ, ಜೆಎನ್‌ಡಿಐ-1 ನಿಯೋಡಿಮಿಯಂ ಮಾನಕ 0.512115ರ ಬಳಿ ಬರಬೇಕು. ಬೇರೆ ಪ್ರಯೋಗಾಲಯದ ಅಂಕಿಗಳ ಜೊತೆ ನಿಮ್ಮದನ್ನು ಹೋಲಿಸುವ ಮುನ್ನ ಅವರ ಮಾನಕದ ಬೆಲೆ ನೋಡಿ, ಎರಡನ್ನೂ ಒಂದೇ ನೆಲೆಗೆ ತನ್ನಿ. ಬಿಸಿಆರ್-2, ಬಿಎಚ್‌ವಿಒ-2ರಂಥ ಮಾನಕ ಶಿಲೆಯನ್ನೂ ನಿಮ್ಮ ಕಲ್ಲಿನ ಜೊತೆಜೊತೆಗೇ ಕರಗಿಸಿ ಅಳೆಯಿರಿ.

ಕೋಟಿಗಟ್ಟಲೆ ವರ್ಷ ಹಳೆಯ ಕಮಾನಾದರೆ ಕೊಳೆತದ ತಿದ್ದುಪಡಿಯೂ ಬೇಕು. ರುಬಿಡಿಯಂ 10 ಪಿಪಿಎಂ, ಸ್ಟ್ರಾನ್ಷಿಯಂ 300 ಪಿಪಿಎಂ ಇರುವ ಬಸಾಲ್ಟಿನಲ್ಲಿ 5 ಕೋಟಿ ವರ್ಷಕ್ಕೆ ಅನುಪಾತ ಏರುವುದು ಸುಮಾರು 0.00007. ಚಿಕ್ಕದೆನಿಸಿದರೂ ಅಳತೆಯ ನಿಖರತೆ 0.00001ರ ಮಟ್ಟದ್ದಾಗಿರುವಾಗ ಕಡೆಗಣಿಸುವಂತಿಲ್ಲ.

ಹಂತ 4: ಹಿನ್ನೆಲೆ ಗೊತ್ತುಮಾಡಿಕೊಳ್ಳುವುದು

ಇಲ್ಲಿ ಆತುರ ಸಲ್ಲದು. ಏನು ಒಳಹೋಗುತ್ತಿದೆ ಎಂದು ತಿಳಿಯದೆ ಏನು ಹೊರಬಂತು ಎಂಬುದಕ್ಕೆ ಅರ್ಥ ಹಚ್ಚಲಾಗದು. ಮೊದಲು ಬೆಣೆಯ ಮ್ಯಾಂಟಲ್. ಅದನ್ನು ನೇರವಾಗಿ ಮುಟ್ಟಲಾಗುವುದಿಲ್ಲ. ಆದರೆ ಹಲವು ಕಮಾನುಗಳ ಹಿಂದೆ ಕಡಲತಳ ಬಿರಿದು ಹೊಸ ಬಸಾಲ್ಟ್ ಉಕ್ಕುತ್ತಿರುತ್ತದೆ: ಮರಿಯಾನಾ ಹಿಂದೆ ಮರಿಯಾನಾ ಟ್ರಫ್, ಟೋಂಗಾ ಹಿಂದೆ ಲಾವು ಜಲಾನಯನ, ದಕ್ಷಿಣ ಸ್ಯಾಂಡ್‌ವಿಚ್ ಹಿಂದೆ ಪೂರ್ವ ಸ್ಕೋಷಿಯಾ ಏಣು. ಕಂದಕದಿಂದ ದೂರದ ಆ ಬಸಾಲ್ಟು ಬೆಣೆಯ ಮೂಲ ಸ್ವರೂಪವನ್ನು ಬಹುಮಟ್ಟಿಗೆ ತೋರಿಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಹಿಂದೂ ಮಹಾಸಾಗರದಡಿಯ ಮ್ಯಾಂಟಲ್ಲು ಪೆಸಿಫಿಕ್ ಅಡಿಯ ಮ್ಯಾಂಟಲ್ಲಿನಂತಿಲ್ಲ. ಸೀಸದ ಒಂದೇ 206/204 ಬೆಲೆಗೆ ಅದರ 208/204 ಎತ್ತರ. ಪಶ್ಚಿಮ ಪೆಸಿಫಿಕ್‌ನ ಕೆಲವು ಕಮಾನುಗಳಡಿ ಹಿಂದೂ ಮಹಾಸಾಗರದ ಬಗೆಯ ಮ್ಯಾಂಟಲ್ಲೇ ಇದೆ. ಅದನ್ನು ಗಮನಿಸದಿದ್ದರೆ ಮ್ಯಾಂಟಲ್ಲಿನ ಗುಣವನ್ನು ಗಸಿಯ ಲೆಕ್ಕಕ್ಕೆ ಬರೆದುಬಿಡುತ್ತೀರಿ.

ಆಮೇಲೆ ಒಳಹೋಗುವ ಫಲಕ. ಕಂದಕದ ಹೊರಬದಿಯಲ್ಲಿ ಆಳಸಮುದ್ರ ಕೊರೆತ ಯೋಜನೆಗಳು ತೆಗೆದ ಗಸಿಯ ಪದರಪದರದ ವಿಶ್ಲೇಷಣೆ ಹುಡುಕಿ. ಟೆರಿ ಪ್ಲ್ಯಾಂಕ್ ಮತ್ತು ಚಾರ್ಲ್ಸ್ ಲ್ಯಾಂಗ್‌ಮ್ಯೂರ್ 1998ರಲ್ಲಿ ಜಗತ್ತಿನ ಕಂದಕಗಳಿಗೆ ಇಳಿಯುವ ಗಸಿಯ ಸರಾಸರಿಯನ್ನು ‘ಗ್ಲಾಸ್’ (GLOSS) ಎಂಬ ಹೆಸರಿನಲ್ಲಿ ಕೊಟ್ಟರು: ಸ್ಟ್ರಾನ್ಷಿಯಂ 327, ನಿಯೋಡಿಮಿಯಂ 27, ಸೀಸ 19.9 ಪಿಪಿಎಂ, ಸ್ಟ್ರಾನ್ಷಿಯಂ 87/86 ಅನುಪಾತ 0.7173, ನಿಯೋಡಿಮಿಯಂ 143/144 ಅನುಪಾತ 0.51218. ಲೆಕ್ಕ ಕಲಿಯಲು ಇದು ಸಾಕು, ನಿಮ್ಮ ಕಮಾನಿಗೆ ಸಾಲದು. ಸುಣ್ಣದ ಗಸಿ, ಖಂಡದಿಂದ ನದಿ ತಂದ ಜೇಡಿ, ಜ್ವಾಲಾಮುಖಿ ಬೂದಿ ಇವುಗಳ ಸ್ವಭಾವ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ. ಈಗಾಗಲೇ ಪ್ರಕಟವಾದ ಲಾವಾ ಅಂಕಿಗಳಿಗೆ ಜಿಯೊರಾಕ್ ಮತ್ತು ಅರ್ತ್‌ಕೆಮ್ ದತ್ತಕೋಶಗಳಿವೆ, ಎರಡೂ ಉಚಿತವಾಗಿ ಸಿಗುತ್ತವೆ. ಕೈಯಲ್ಲಿ ಪ್ರಯೋಗಾಲಯವಿಲ್ಲದವರೂ ಅಲ್ಲಿಂದ ಅಂಕಿ ಇಳಿಸಿಕೊಂಡು ಇಲ್ಲಿಂದ ಮುಂದಿನ ಹಂತಗಳನ್ನು ಅಭ್ಯಾಸ ಮಾಡಬಹುದು.

ಹಂತ 5: ಮೊದಲ ಜರಡಿ, ಮೇಲಿನ ತೊಗಟೆ

ಸ್ಟ್ರಾನ್ಷಿಯಂ ಅನುಪಾತ ಎತ್ತರ ಕಂಡ ಕೂಡಲೇ ‘ಗಸಿ ಬೆರೆತಿದೆ’ ಎನ್ನಬೇಡಿ. ಅದೇ ಗುರುತನ್ನು ಮೇಲಿನ ತೊಗಟೆಯೂ ಕೊಡಬಲ್ಲದು. ಒಂದೇ ಜ್ವಾಲಾಮುಖಿಯ ಸರಣಿ ತೆಗೆದುಕೊಂಡು ಸಿಲಿಕಾ ಒಂದು ಅಕ್ಷದಲ್ಲಿ, ಸ್ಟ್ರಾನ್ಷಿಯಂ ಅನುಪಾತ ಇನ್ನೊಂದರಲ್ಲಿ ಇಟ್ಟು ಚುಕ್ಕೆ ಹಾಕಿ. ಬಸಾಲ್ಟಿನಿಂದ ಡೇಸೈಟ್‌ವರೆಗೂ ಅನುಪಾತ ಸಮತಟ್ಟಾಗಿದ್ದರೆ ಬರಿ ಹರಳು ಕೂರುವುದರಿಂದಲೇ ಸರಣಿ ಹುಟ್ಟಿದೆ. ಸಿಲಿಕಾ ಏರಿದಂತೆ ಅನುಪಾತವೂ ಏರಿದರೆ ಶಿಲಾಪಾಕ ತಣಿಯುತ್ತಾ ಸುತ್ತಲಿನ ತೊಗಟೆಯನ್ನು ಅರಗಿಸಿಕೊಂಡಿದೆ. ಡೊನಾಲ್ಡ್ ಡಿಪಾವ್ಲೋ 1981ರಲ್ಲಿ ಕೊಟ್ಟ ಸಮೀಕರಣಗಳು ಇದನ್ನು ಲೆಕ್ಕಕ್ಕಿಳಿಸುತ್ತವೆ.

ಬಸಾಲ್ಟೇ ಎತ್ತರದಲ್ಲಿ ಶುರುವಾದರೆ? ಆಗ ಆಕ್ಸಿಜನ್ನಿನ ಸರದಿ. ಒಂದು ಲೆಕ್ಕ ಮಾಡಿ ನೋಡೋಣ. ಬಸಾಲ್ಟ್ ಶಿಲಾಪಾಕದಲ್ಲಿ ಸ್ಟ್ರಾನ್ಷಿಯಂ 400 ಪಿಪಿಎಂ, ಅನುಪಾತ 0.7026, ಡೆಲ್ಟಾ-18 ಆಕ್ಸಿಜನ್ (ಮಾನಕಕ್ಕೆ ಹೋಲಿಸಿದರೆ ಭಾರದ ಆಕ್ಸಿಜನ್-18 ಎಷ್ಟು ಹೆಚ್ಚು ಎಂಬ ಅಳತೆ) ಸಾವಿರಕ್ಕೆ 5.7 ಎಂದಿಟ್ಟುಕೊಳ್ಳಿ. ತೊಗಟೆಯಲ್ಲಿ ಸ್ಟ್ರಾನ್ಷಿಯಂ 200 ಪಿಪಿಎಂ, ಅನುಪಾತ 0.715, ಆಕ್ಸಿಜನ್ 12. ಶಿಲಾಪಾಕವನ್ನು 0.7045ಕ್ಕೆ ಏರಿಸಲು ಶೇ. 27ರಷ್ಟು ತೊಗಟೆ ಬೆರೆಯಬೇಕು. ಆಗ ಆಕ್ಸಿಜನ್ 7.4ಕ್ಕೆ ಹೋಗುತ್ತದೆ; ಕಣ್ಣಿಗೆ ಹೊಡೆಯುವ ಏರಿಕೆ.

ಈಗ ಅದೇ 0.7045ನ್ನು ಆಳದಲ್ಲಿ ಗಸಿ ಬೆರೆಸಿ ತಲುಪೋಣ. ಸೊರಗಿದ ಮ್ಯಾಂಟಲ್ಲಿನಲ್ಲಿ ಸ್ಟ್ರಾನ್ಷಿಯಂ ಕೇವಲ 7.7 ಪಿಪಿಎಂ, ಗಸಿಯಲ್ಲಿ 327. ಶೇ. 0.35 ಗಸಿ ಸಾಕು. ಗಸಿಯ ಆಕ್ಸಿಜನ್ 20 ಎಂದಿಟ್ಟರೂ ಮ್ಯಾಂಟಲ್ಲಿನದು ಏರುವುದು 0.05 ಮಾತ್ರ. ಕಾರಣ ಸರಳ: ಕಲ್ಲು ಯಾವುದೇ ಆಗಲಿ, ಅದರ ತೂಕದಲ್ಲಿ ಅರ್ಧದಷ್ಟು ಆಕ್ಸಿಜನ್ನೇ. ಆದ್ದರಿಂದ ಆಕ್ಸಿಜನ್ ಬೆರಕೆಯ ಒಟ್ಟು ತೂಕಕ್ಕೆ ಸ್ಪಂದಿಸುತ್ತದೆ, ಸ್ಟ್ರಾನ್ಷಿಯಂ ಬೆರಕೆಯ ಸ್ಟ್ರಾನ್ಷಿಯಂಗೆ ಸ್ಪಂದಿಸುತ್ತದೆ. ಎರಡನ್ನು ಜೊತೆಗಿಟ್ಟರೆ ಬೆರೆತದ್ದು ಮೇಲೋ ಕೆಳಗೋ ಗೊತ್ತಾಗುತ್ತದೆ. ಅಳೆಯುವುದು ಇಡೀ ಕಲ್ಲಿನಲ್ಲಲ್ಲ, ತಾಜಾ ಆಲಿವಿನ್ ಅಥವಾ ಪೈರಾಕ್ಸೀನ್ ಹರಳಿನಲ್ಲಿ. ಇಡೀ ಕಲ್ಲಿನ ಆಕ್ಸಿಜನ್ನು ಮಳೆನೀರಿಗೇ ಬದಲಾಗಿಬಿಡುತ್ತದೆ. ಮ್ಯಾಂಟಲ್ ಆಲಿವಿನ್‌ನ ಬೆಲೆ ಸುಮಾರು 5.2.

ಇದು ಬರಿಯ ಪಾಠದ ಲೆಕ್ಕವಲ್ಲ ಎನ್ನಲು ಮಾರ್ಟಿನೀಕ್ ದ್ವೀಪ ಸಾಕ್ಷಿ. ಲೆಸ್ಸರ್ ಆಂಟಿಲಿಸ್‌ನ ದಕ್ಷಿಣಾರ್ಧಕ್ಕೆ ದಕ್ಷಿಣ ಅಮೆರಿಕ ಖಂಡದಿಂದ ಬಂದ ಗಸಿ ದಪ್ಪವಾಗಿ ಇಳಿಯುತ್ತದೆ, ಲಾವಾದ ಸ್ಟ್ರಾನ್ಷಿಯಂ ಮತ್ತು ಸೀಸದಲ್ಲಿ ಖಂಡದ ಗುರುತು ಎದ್ದು ಕಾಣುತ್ತದೆ. ಎಲ್ಲವೂ ಒಳಗಿಳಿದ ಗಸಿಯಿಂದಲೇ ಎಂದು ಹೇಳಿಬಿಡಬಹುದಿತ್ತು. ಆದರೆ ಜಾನ್ ಡೇವಿಡ್‌ಸನ್ ಮತ್ತು ರಸೆಲ್ ಹಾರ್ಮನ್ 1989ರಲ್ಲಿ ಮಾರ್ಟಿನೀಕ್ ಲಾವಾಗಳ ಆಕ್ಸಿಜನ್ ಅಳೆದು, ಮೇಲಿನ ತೊಗಟೆಯ ಪಾಲನ್ನು ತಳ್ಳಿಹಾಕಲಾಗದೆಂದು ತೋರಿಸಿದರು. ಆ ಕಮಾನಿನ ತೊಗಟೆಯೊಳಗೂ ಖಂಡಮೂಲದ ಗಸಿ ಸೇರಿಕೊಂಡಿರಬಹುದಾದ್ದರಿಂದ ಒಂದೇ ಬಗೆಯ ವಸ್ತು ಎರಡು ಬಾಗಿಲುಗಳಿಂದ ಲಾವಾಗೆ ಬರಬಲ್ಲದು. ಅಲ್ಲಿ ಸೀಸ ಎಷ್ಟು ನಿಖರವಾಗಿ ಅಳೆದರೂ ಬಾಗಿಲು ಯಾವುದೆಂದು ಹೇಳದು.

ಹಂತ 6: ನೀರೋ, ಗಸಿಯೋ

ತೊಗಟೆಯ ಜರಡಿ ದಾಟಿದ ಮಾದರಿಗಳನ್ನು ಮಾತ್ರ ಇಲ್ಲಿಗೆ ತನ್ನಿ. ಬೆರಕೆಯ ಸೂತ್ರ ಸರಳ: ಪ್ರತಿ ಘಟಕದ ಪಾಲನ್ನು ಅದರ ಧಾತು ಪ್ರಮಾಣದಿಂದ ಗುಣಿಸಿ, ಆ ತೂಕದ ಪ್ರಕಾರ ಅನುಪಾತಗಳ ಸರಾಸರಿ ತೆಗೆಯಿರಿ. ಮೇಲಿನ ಶೇ. 0.35 ಗಸಿಯ ಉದಾಹರಣೆಯನ್ನೇ ಮುಂದುವರಿಸೋಣ. ಮ್ಯಾಂಟಲ್ಲಿನ ನಿಯೋಡಿಮಿಯಂ 0.58 ಪಿಪಿಎಂ, ಅನುಪಾತ 0.51313, ಸೀಸ 0.018 ಪಿಪಿಎಂ. ಬೆರೆತ ಮೇಲೆ ನಿಯೋಡಿಮಿಯಂ 0.51300ಕ್ಕೆ ಇಳಿಯುತ್ತದೆ. ಒಟ್ಟು ಸ್ಟ್ರಾನ್ಷಿಯಂನಲ್ಲಿ ಗಸಿಯ ಪಾಲು ಶೇ. 13, ನಿಯೋಡಿಮಿಯಂನಲ್ಲಿ ಶೇ. 14, ಆದರೆ ಸೀಸದಲ್ಲಿ ಶೇ. 80. ಸಾವಿರಕ್ಕೆ ಮೂರೂವರೆ ಪಾಲು ಗಸಿ ಸೇರಿದ್ದಕ್ಕೆ ಸೀಸ ಬಹುತೇಕ ಗಸಿಯದ್ದೇ ಆಗಿಹೋಯಿತು! ಆದ್ದರಿಂದಲೇ ಗಸಿ ಇದೆಯೇ ಎಂಬ ಪ್ರಶ್ನೆಗೆ ಸೀಸದಷ್ಟು ಚುರುಕಾದ ಸಾಕ್ಷಿ ಇಲ್ಲ, ಎಷ್ಟಿದೆ ಎಂಬ ಪ್ರಶ್ನೆಗೆ ಅದೊಂದನ್ನೇ ನಂಬುವಂತೆಯೂ ಇಲ್ಲ.

ಈಗ ಬೇರೊಂದು ಲಾವಾ ನೋಡಿ: ಸ್ಟ್ರಾನ್ಷಿಯಂ 0.7034, ನಿಯೋಡಿಮಿಯಂ 0.51312. ಸ್ಟ್ರಾನ್ಷಿಯಂ ಅಷ್ಟು ಏರಿದ್ದು ಗಸಿಯಿಂದಲೇ ಆಗಿದ್ದರೆ ನಿಯೋಡಿಮಿಯಂ 0.51307ಕ್ಕೆ ಇಳಿಯಬೇಕಿತ್ತು. 0.00005ರ ಈ ಅಂತರವನ್ನು ಉಪಕರಣ ಸ್ಪಷ್ಟವಾಗಿ ಕಾಣಬಲ್ಲದು, ಆದ್ದರಿಂದ ಅದು ಅಳತೆಯ ತೊಡಕಲ್ಲ. ಸ್ಟ್ರಾನ್ಷಿಯಂ ಬಂತು, ನಿಯೋಡಿಮಿಯಂ ಬರಲಿಲ್ಲ. ಇದು ನೀರಿನ ಕೆಲಸ. ಮಾರ್ಪಟ್ಟ ಸಾಗರ ತೊಗಟೆಯ ಸ್ಟ್ರಾನ್ಷಿಯಂ ಅನುಪಾತ 0.704–0.705ರ ಆಸುಪಾಸು, ಅದರಿಂದ ಹಿಂಡಿ ಬಂದ ನೀರು ಸ್ಟ್ರಾನ್ಷಿಯಂ ಹೊತ್ತು ತಂದು ನಿಯೋಡಿಮಿಯಂ ಅನ್ನು ಹಿಂದೆಯೇ ಬಿಟ್ಟಿದೆ. ಸ್ಟ್ರಾನ್ಷಿಯಂ ಅಡ್ಡ ಅಕ್ಷದಲ್ಲಿ, ನಿಯೋಡಿಮಿಯಂ ನಿಂತ ಅಕ್ಷದಲ್ಲಿ ಇಟ್ಟ ನಕ್ಷೆಯಲ್ಲಿ ಗಸಿಯ ಬೆರಕೆ ಓರೆಯಾಗಿ ಇಳಿಯುತ್ತದೆ, ನೀರಿನ ಬೆರಕೆ ಅಡ್ಡಲಾಗಿ ಬಲಕ್ಕೆ ಸರಿಯುತ್ತದೆ.

ಒಂದು ಎಚ್ಚರ ಹೇಳಲೇಬೇಕು. ಮೇಲಿನ ಲೆಕ್ಕದಲ್ಲಿ ಗಸಿ ಇಡಿಯಾಗಿ ಬೆರೆಯಿತೆಂದು ಇಟ್ಟುಕೊಂಡೆವು. ನಿಜದಲ್ಲಿ ಅದು ಆಳದಲ್ಲಿ ಭಾಗಶಃ ಕರಗಿ ಬರುತ್ತದೆ, ಕೆಲವು ಧಾತು ಉಳಿದ ಖನಿಜಗಳಲ್ಲಿ ಸಿಕ್ಕಿಬೀಳುತ್ತವೆ. ಆಗ ಬೆರಕೆಯ ರೇಖೆ ಬಾಗುತ್ತದೆ. ಹಾಗಾಗಿ ಐಸೋಟೋಪ್ ಜೊತೆಗೆ ಧಾತು ಅನುಪಾತವನ್ನೂ ಇಡಿ: ಬೇರಿಯಂ/ಥೋರಿಯಂ ನೀರಿಗೆ, ಥೋರಿಯಂ/ನಯೋಬಿಯಂ ಗಸಿ ಕರಗಿ ಬಂದ ಪಾಕಕ್ಕೆ. ಟಿಮ್ ಎಲಿಯಟ್ ಮತ್ತು ಸಂಗಡಿಗರು 1997ರಲ್ಲಿ ಮರಿಯಾನಾ ದ್ವೀಪಗಳಲ್ಲಿ ಮಾಡಿದ್ದು ಇದನ್ನೇ. ಗುಗುವಾನ್ ದ್ವೀಪದ ಲಾವಾದಲ್ಲಿ ಬೇರಿಯಂ/ಥೋರಿಯಂ ಎತ್ತರ, ಮೂಲ ಮಾರ್ಪಟ್ಟ ಬಸಾಲ್ಟ್ ತೊಗಟೆಯ ನೀರು. ಬೇರೆ ದ್ವೀಪಗಳಲ್ಲಿ ಥೋರಿಯಂ ಏರಿದಂತೆ ನಿಯೋಡಿಮಿಯಂ ಅನುಪಾತ ಇಳಿಯುತ್ತದೆ, ಅದು ಗಸಿ. ಒಂದೇ ಫಲಕದಿಂದ ಎರಡು ವಸ್ತುಗಳು ಎರಡು ಹಾದಿಯಲ್ಲಿ ಬಂದದ್ದು ಹೀಗೆ ಬೇರೆಬೇರೆಯಾಗಿ ಕಂಡಿತು.

ಸೀಸದ ನಕ್ಷೆಗೆ ಒಂದು ಅನುಕೂಲವಿದೆ. 206, 207, 208ರ ಮೂರೂ ಅನುಪಾತಗಳ ಛೇದ ಸೀಸ-204 ಆದ್ದರಿಂದ ಎರಡು ಘಟಕಗಳ ಬೆರಕೆ ಯಾವಾಗಲೂ ನೇರ ರೇಖೆ. ನಿಮ್ಮ ಚುಕ್ಕೆಗಳು ರೇಖೆಯಲ್ಲಿ ಬಿದ್ದರೆ ಅದನ್ನು ಎರಡೂ ಕಡೆ ಎಳೆದು ಒಂದು ತುದಿಯಲ್ಲಿ ಬೆಣೆಯ ಮ್ಯಾಂಟಲ್, ಇನ್ನೊಂದರಲ್ಲಿ ನಿಮ್ಮ ಗಸಿ ಸಿಗುತ್ತದೆಯೇ ತಾಳೆ ನೋಡಿ. ಸಿಗದಿದ್ದರೆ ಊಹೆ ತಪ್ಪು, ವಾದ ಮಾಡಬೇಡಿ. ಚುಕ್ಕೆಗಳು ತ್ರಿಕೋನವಾಗಿ ಹರಡಿದ್ದರೆ ಮೂರನೆಯ ಘಟಕವಿದೆ. ಸ್ಟ್ಯಾನ್ಲಿ ಹಾರ್ಟ್ 1984ರಲ್ಲಿ ಕೊಟ್ಟ ಉತ್ತರಾರ್ಧಗೋಳ ಉಲ್ಲೇಖ ರೇಖೆಯನ್ನೂ (ಅಲ್ಲಿನ ಸಾಗರ ಬಸಾಲ್ಟುಗಳು ಬೀಳುವ ರೇಖೆ) ಎಳೆಯಿರಿ: 207/204 = 0.1084 × (206/204) + 13.491. ಗ್ಲಾಸ್ ಗಸಿಯ 206/204 ಬೆಲೆ 18.913ಕ್ಕೆ ಈ ರೇಖೆ 15.541 ಕೊಡುತ್ತದೆ, ಗಸಿಯ ನಿಜ ಬೆಲೆ 15.673. ಸೀಸ-207 ಹುಟ್ಟುವುದು ಯುರೇನಿಯಂ-235ರಿಂದ; ಅದರ ಅರ್ಧಾಯು 70.4 ಕೋಟಿ ವರ್ಷ ಮಾತ್ರ, ಭೂಮಿಯ ಬಾಲ್ಯದಲ್ಲೇ ಬಹುಪಾಲು ಕೊಳೆತುಹೋಯಿತು. ಆದ್ದರಿಂದ 207ರ ಎತ್ತರ ತೀರಾ ಹಳೆಯ ಖಂಡದ ಗುರುತು, ಇತ್ತೀಚೆಗೆ ಮೂಡಿಸಲು ಬರುವಂಥದ್ದಲ್ಲ.

ಹಂತ 7: ಬೆರಿಲಿಯಂ-10, ವಾದ ಮುಗಿಸುವ ಸಾಕ್ಷಿ

1980ರ ತನಕ ‘ಗಸಿ ನಿಜಕ್ಕೂ ನೂರು ಕಿಲೋಮೀಟರ್ ಆಳಕ್ಕೆ ಹೋಗಿ ಲಾವಾದಲ್ಲಿ ಮರಳಿ ಬರುತ್ತದೆಯೇ’ ಎಂಬ ತಕರಾರು ಇತ್ತು. ಅದಕ್ಕೆ ತೆರೆ ಎಳೆದದ್ದು ಈ ಐಸೋಟೋಪ್. ಕಾಸ್ಮಿಕ್ ಕಿರಣಗಳು ವಾತಾವರಣದ ಆಕ್ಸಿಜನ್ ಮತ್ತು ನೈಟ್ರೋಜನ್ ಪರಮಾಣುಗಳನ್ನು ಒಡೆದಾಗ ಬೆರಿಲಿಯಂ-10 ಹುಟ್ಟುತ್ತದೆ, ಮಳೆಯೊಡನೆ ಇಳಿದು ಕಡಲತಳದ ಗಸಿ ಸೇರುತ್ತದೆ. ಅರ್ಧಾಯು 13.9 ಲಕ್ಷ ವರ್ಷ. ಮ್ಯಾಂಟಲ್ಲಿನಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಲೂಯಿಸ್ ಬ್ರೌನ್ ಮತ್ತು ಸಂಗಡಿಗರು 1982ರಲ್ಲಿ ದ್ವೀಪಕಮಾನಿನ ಲಾವಾದಲ್ಲಿ ಇದನ್ನು ಕಂಡಾಗ ಮೇಲಿನ ತಕರಾರಿಗೆ ನೆಲೆಯಿಲ್ಲದಾಯಿತು. ನನಗೆ ಇಡೀ ಭೂರಸಾಯನದಲ್ಲಿ ಇದಕ್ಕಿಂತ ಚಂದದ ಸಾಕ್ಷಿ ಕಂಡಿಲ್ಲ: ಆಕಾಶದಲ್ಲಿ ಹುಟ್ಟಿದ ಪರಮಾಣು ಪಾತಾಳಕ್ಕಿಳಿದು ಜ್ವಾಲಾಮುಖಿಯ ಬಾಯಿಂದ ಹೊರಬರುತ್ತದೆ, ಅದೂ ಕೆಲವು ದಶಲಕ್ಷ ವರ್ಷಗಳೊಳಗೆ.

ಕಾಲದ ಲೆಕ್ಕ ಹೀಗೆ ಮಾಡಿ. ಫಲಕ ವರ್ಷಕ್ಕೆ 8 ಸೆಂಟಿಮೀಟರ್ ನುಸುಳುತ್ತಿದ್ದು, ಕಂದಕದಿಂದ ಜ್ವಾಲಾಮುಖಿಯಡಿ ತಲುಪಲು ಇಳಿಜಾರಿನಲ್ಲಿ 200 ಕಿಲೋಮೀಟರ್ ಸಾಗಬೇಕಿದ್ದರೆ 25 ಲಕ್ಷ ವರ್ಷ ಬೇಕು. ಅಷ್ಟರಲ್ಲಿ ಬೆರಿಲಿಯಂ-10ರ ಶೇ. 29 ಉಳಿದಿರುತ್ತದೆ. ವೇಗ ವರ್ಷಕ್ಕೆ 4 ಸೆಂಟಿಮೀಟರ್ ಆದರೆ ಉಳಿಯುವುದು ಶೇ. 8. ಒಂದು ಕೋಟಿ ವರ್ಷ ಹಳೆಯ ಗಸಿಯಲ್ಲಿ ಒಳಹೋಗುವಾಗಲೇ ಬಹುತೇಕ ಏನೂ ಇರುವುದಿಲ್ಲ. ಹಾಗಾಗಿ ಬೆರಿಲಿಯಂ-10 ಸಿಕ್ಕರೆ ಗಸಿ ಖಚಿತ, ಸಿಗದಿದ್ದರೆ ಗಸಿ ಇಲ್ಲವೆಂದಲ್ಲ. ನಿಕರಾಗುವಾದ ಲಾವಾಗಳಲ್ಲಿ ಇದರ ಪ್ರಮಾಣ ತುಂಬ ಎತ್ತರ. ಪಕ್ಕದ ಕೋಸ್ಟರಿಕದಲ್ಲಿ ಬಹಳ ಕಡಿಮೆ, ಎರಡರ ಕೆಳಗೂ ನುಸುಳುತ್ತಿರುವುದು ಅದೇ ಕೋಕೋಸ್ ಫಲಕವಾದರೂ! ಎಳೆಯ ಗಸಿ ಮೇಲಿನ ಪದರದಲ್ಲಿರುತ್ತದೆ. ಆ ಮೇಲ್ಪದರ ಕಂದಕದಲ್ಲೇ ಕೆರೆದು ಉಳಿದರೆ ಕೆಳಪದರ ಆಳಕ್ಕೆ ಹೋದರೂ ಬೆರಿಲಿಯಂ-10 ಹೋಗುವುದಿಲ್ಲ. ಹೀಗೆ ಈ ಐಸೋಟೋಪ್ ಗಸಿ ಇದೆಯೇ ಎಂಬುದಷ್ಟೇ ಅಲ್ಲ, ಗಸಿಯ ಯಾವ ಪದರ ಇಳಿಯಿತು ಎಂಬುದನ್ನೂ ಸೂಚಿಸುತ್ತದೆ. ಅಳೆಯಲು ವೇಗವರ್ಧಕ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಅಂಥ ಸೌಲಭ್ಯ ಎಲ್ಲೆಡೆ ಇಲ್ಲ, ಮುಂಚಿತವಾಗಿ ಸಮಯ ಕೇಳಿಕೊಳ್ಳಿ.

ಹಂತ 8: ನೀರಿನ ದಾರಿ ಮತ್ತು ಗಡಿಯಾರ

ನೀರಿನ ಸುಳಿವು ಸಿಕ್ಕಿದ್ದರೆ ಬೋರಾನ್ ಅಳೆಯುವುದು ಒಳ್ಳೆಯದು. ಕಡಲನೀರಿನ ಡೆಲ್ಟಾ-11 ಬೋರಾನ್ ಸಾವಿರಕ್ಕೆ +39.6, ಮ್ಯಾಂಟಲ್ಲಿನದು ಸುಮಾರು −7. ಅಂತರ ದೊಡ್ಡದು, ಮ್ಯಾಂಟಲ್ಲಿನಲ್ಲಿ ಬೋರಾನ್ ಅತ್ಯಲ್ಪ, ಆದ್ದರಿಂದ ಗುರುತು ಮಸುಕಾಗುವುದಿಲ್ಲ. ಜಪಾನಿನ ಇಝು ಕಮಾನಿನಲ್ಲಿ ಕಂದಕದಿಂದ ದೂರ ಸರಿದಂತೆ ಈ ಬೆಲೆ ಇಳಿಯುತ್ತದೆ. ಫಲಕ ಆಳಕ್ಕೆ ಹೋದಷ್ಟೂ ಭಾರದ ಬೋರಾನ್ ಹಿಂಡಿ ಖಾಲಿಯಾಗುತ್ತಿದೆ ಎಂದರ್ಥ. ದಕ್ಷಿಣ ಸ್ಯಾಂಡ್‌ವಿಚ್‌ನಲ್ಲಿ +18ರವರೆಗೆ ಕಂಡಿದೆ. ಅಷ್ಟು ಎತ್ತರವನ್ನು ಬರಿಯ ಗಸಿಯಿಂದ ವಿವರಿಸಲಾಗದು, ಸರ್ಪೆಂಟೈನ್ ಎಂಬ ನೀರು ಹಿಡಿದ ಖನಿಜವಾಗಿ ಮಾರ್ಪಟ್ಟ ಶಿಲೆಯಿಂದ ಬಂದ ನೀರನ್ನು ಲೆಕ್ಕಕ್ಕೆ ತರಬೇಕಾಗುತ್ತದೆ.

ಯುರೇನಿಯಂ ಸರಣಿ ಕಾಲ ಹೇಳುತ್ತದೆ. ನೀರು ಯುರೇನಿಯಂ ಅನ್ನು ಒಯ್ಯುತ್ತದೆ, ಥೋರಿಯಂ ಅನ್ನು ಬಹುಮಟ್ಟಿಗೆ ಬಿಟ್ಟುಬರುತ್ತದೆ. ಆದ್ದರಿಂದ ಹಲವು ಕಮಾನುಗಳ ಲಾವಾದಲ್ಲಿ ಥೋರಿಯಂ-230ಕ್ಕಿಂತ ಯುರೇನಿಯಂ-238ರ ಚಟುವಟಿಕೆ (ಕೊಳೆಯುವ ದರ) ಹೆಚ್ಚು. ಸಾಗರಮಧ್ಯ ಏಣುಗಳಲ್ಲಿ ಸಾಮಾನ್ಯವಾಗಿ ಇದರ ತದ್ವಿರುದ್ಧ. ಥೋರಿಯಂ-230ರ ಅರ್ಧಾಯು ಸುಮಾರು 75,600 ವರ್ಷ, ರೇಡಿಯಂ-226ರದು 1,600. ಸೈಮನ್ ಟರ್ನರ್ ಮತ್ತು ಸಂಗಡಿಗರು 2001ರಲ್ಲಿ ಟೋಂಗಾ ಮೊದಲಾದ ಕಮಾನುಗಳಲ್ಲಿ ರೇಡಿಯಂ ಹೆಚ್ಚಳ (ಥೋರಿಯಂ-230 ಕೊಳೆತು ಹುಟ್ಟಬೇಕಾದ್ದಕ್ಕಿಂತ ಹೆಚ್ಚು ರೇಡಿಯಂ-226) ತೋರಿಸಿದರು. ಎಂಟು ಸಾವಿರ ವರ್ಷದಲ್ಲಿ ಅಳಿಸಿಹೋಗಬೇಕಾದ ಗುರುತು ಉಳಿದಿದೆಯೆಂದರೆ ಫಲಕದಿಂದ ಬಿಟ್ಟ ನೀರಿನ ಸುಳಿವು ಕೆಲವೇ ಸಾವಿರ ವರ್ಷಗಳಲ್ಲಿ ಮೇಲಕ್ಕೆ ಮುಟ್ಟಿದೆ.

ಹಂತ 9: ಉತ್ತರ ಬರೆಯುವುದು

‘ಗಸಿ ಶೇ. 0.35’ ಎಂದು ಒಂದೇ ಅಂಕಿ ಬರೆಯಬೇಡಿ. ಗಸಿಯ ಸಂಯೋಜನೆ, ಮ್ಯಾಂಟಲ್ಲಿನ ಸ್ಟ್ರಾನ್ಷಿಯಂ ಪ್ರಮಾಣ, ಅನುಪಾತಗಳು ಇವೆಲ್ಲವನ್ನು ಅವುಗಳ ಸಾಧ್ಯ ವ್ಯಾಪ್ತಿಯೊಳಗೆ ಯಾದೃಚ್ಛಿಕವಾಗಿ ಬದಲಿಸುತ್ತಾ ಕಂಪ್ಯೂಟರಿನಲ್ಲಿ ಕೆಲವು ಸಾವಿರ ಸಲ ಬೆರಕೆ ಲೆಕ್ಕ ಓಡಿಸಿ, ಸಿಕ್ಕ ಹರವನ್ನು ಕೊಡಿ. ಸ್ಟ್ರಾನ್ಷಿಯಂ, ನಿಯೋಡಿಮಿಯಂ, ಸೀಸ ಮೂರೂ ಪ್ರತ್ಯೇಕವಾಗಿ ಕೊಟ್ಟ ಉತ್ತರಗಳ ಹರವು ಎಲ್ಲಿ ಒಂದರ ಮೇಲೊಂದು ಬೀಳುತ್ತದೆ ಎಂದು ತೋರಿಸಿ. ಬೀಳದಿದ್ದರೆ ಅದನ್ನೂ ಬರೆಯಿರಿ, ಯಾವ ಘಟಕ ತಪ್ಪಿಹೋಗಿದೆ ಎಂಬ ಸುಳಿವು ಹೆಚ್ಚಾಗಿ ಅಲ್ಲೇ ಇರುತ್ತದೆ. ಕೋಷ್ಟಕದಲ್ಲಿ ಮಾದರಿ ಸಿಕ್ಕ ಜಾಗದ ಅಕ್ಷಾಂಶ ರೇಖಾಂಶ, ತೊಳೆದದ್ದೋ ಅಲ್ಲವೋ, ಖಾಲಿ ಬೀಕರಿನ ಬೆಲೆ, ಮಾನಕದ ಬೆಲೆ, ದೋಷದ ಅಂಚು ಎಲ್ಲವೂ ಇರಲಿ. ತೊಗಟೆಯ ಜರಡಿಯಲ್ಲಿ ಬಿದ್ದುಹೋದ ಮಾದರಿಗಳ ಅಂಕಿಯನ್ನೂ ಕೈಬಿಡಬೇಡಿ. ಅದೇ ಜ್ವಾಲಾಮುಖಿಯ ತೊಗಟೆಯನ್ನು ಅಧ್ಯಯನ ಮಾಡುವವರಿಗೆ ಬೇಕಾಗುವುದು ಅವೇ.